ಹಿಮದ ಉಂಡೆ

ಜನವರಿ ಬೆಳಿಗ್ಗೆ. ಲಿಫ್ಟ್‌ನಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡವರೊಬ್ಬರು. ಕಣ್ಣು, ಮೂಗು ಬಿಟ್ಟರೆ ಏನೂ ಕಾಣದು, ಮಾತು ಮಾತ್ರ ಸ್ಪಷ್ಟ: "ಎಲ್ರೀ ನಿಮ್ಮ ಗ್ಲೋಬಲ್ ವಾರ್ಮಿಂಗು?" ನಾನೇ ಅದನ್ನು ಅಟ್ಟದ ಮೇಲೆ ಬಚ್ಚಿಟ್ಟಿರುವ ಹಾಗೆ! ಬೆಂಗಳೂರಿನ ಚಳಿಯ ದಾಖಲೆ 1884ರ ಜನವರಿಯದು, 7.8 ಡಿಗ್ರಿ, ಅದನ್ನು ಇನ್ನೂ ಯಾವ ಚಳಿಯೂ ಮುರಿದಿಲ್ಲ ಸ್ವಾಮಿ ಎನ್ನುವಷ್ಟರಲ್ಲಿ ಗ್ರೌಂಡ್ ಫ್ಲೋರ್ ಬಂತು.

ಇಂಥವರಿಗೆಲ್ಲ ಗುರು ಅಮೆರಿಕದ ಸೆನೆಟರ್ ಆಗಿದ್ದ ಜೇಮ್ಸ್ ಇನ್‌ಹೋಫ್. 2014 ದಾಖಲೆಯಲ್ಲೇ ಅತಿ ಬಿಸಿಯ ವರ್ಷ ಅಂತ ವಿಜ್ಞಾನಿಗಳು ಹೇಳಿದ್ದರು. ಅದಕ್ಕೆ ಉತ್ತರವಾಗಿ 2015ರ ಫೆಬ್ರವರಿ 26ರಂದು ಇವರು ಪ್ಲಾಸ್ಟಿಕ್ ಚೀಲದಲ್ಲಿ ಹಿಮದ ಉಂಡೆಯೊಂದನ್ನು ಸೆನೆಟ್‌ಗೇ ತಂದರು. ಹೊರಗೆ ಎಷ್ಟು ಚಳಿ ನೋಡಿ ಅಂದವರೇ ಪೀಠದ ಕಡೆಗೆ ಎಸೆದೂಬಿಟ್ಟರು. ಆಗ ಪರಿಸರ ಸಮಿತಿಯ ಅಧ್ಯಕ್ಷರು ಯಾರು ಗೊತ್ತಾ? ಅವರೇ.

ವಾದ ಹಾಳಾಗಲಿ, ನನ್ನ ತಲೆ ಆ ಉಂಡೆಯಲ್ಲೇ ಸಿಕ್ಕಿಕೊಂಡಿದೆ. ಅದನ್ನು ಕಟ್ಟಿದ್ದು ಯಾರು? ಸಾಹೇಬರೇ ಬಗ್ಗಿ ಉಂಡೆ ಮಾಡಿದರಾ, ಇಲ್ಲ ಯಾರಾದರೂ ಹುಡುಗನನ್ನು ಕಳಿಸಿದರಾ? ಸರದಿ ಬರುವವರೆಗೆ ಚೀಲ ಎಲ್ಲಿತ್ತು? ಕುರ್ಚಿ ಪಕ್ಕದಲ್ಲಿ ತೊಟತೊಟ ತೊಟ್ಟಿಕ್ಕುತ್ತಿತ್ತಾ? ಬೆಚ್ಚಗಿನ ಸಭಾಂಗಣದಲ್ಲಿ ಭಾಷಣ ಸ್ವಲ್ಪ ಉದ್ದವಾಗಿದ್ದರೆ ಎಸೆಯೋಕೆ ನೀರಷ್ಟೇ ಉಳೀತಿತ್ತು. ಆಮೇಲೆ ನೆಲ ಒರೆಸಿದವರ ಬಗ್ಗೆ ಯಾರೂ ಬರೆದಿಲ್ಲ. ಇಂಥದ್ದನ್ನು ಯಾರೂ ಬರೆಯುವುದೇ ಇಲ್ಲ.

ಅದೇ ವರ್ಷ ಏಪ್ರಿಲ್ 1ಕ್ಕೆ ಕ್ಯಾಲಿಫೋರ್ನಿಯಾದ ಗವರ್ನರ್ ಜೆರ್ರಿ ಬ್ರೌನ್ ಬೆಟ್ಟ ಹತ್ತಿದರು. ಐದಡಿ ಹಿಮ ಇರಬೇಕಾದ ಜಾಗದಲ್ಲಿ ಬರೀ ಒಣಹುಲ್ಲು. ಅದರ ಮೇಲೆ ನಿಂತೇ, ಊರುಗಳ ನೀರಿನ ಬಳಕೆ ಶೇ 25ರಷ್ಟು ಕಡಿಮೆಯಾಗಬೇಕು ಎಂದು ಆದೇಶಿಸಿದರು. ಫೋಟೋ ಚೆನ್ನಾಗಿ ಬಂತು. ನಿಜ ಹೇಳಬೇಕೆಂದರೆ ಅದೂ ಒಂದು ಚಳಿಗಾಲದ ಮಾತೇ, ಅಲ್ವಾ? ಹವಾಮಾನದವರು ಲೆಕ್ಕ ಹಾಕುವುದು 30 ವರ್ಷದ ಸರಾಸರಿ. ಅದನ್ನು ಚೀಲದಲ್ಲಿ ತರೋಕಾಗಲ್ಲ, ಅದರ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳೋಕೂ ಆಗಲ್ಲ.

ನಮ್ಮ ಕಡೆಯವರೂ ಕಮ್ಮಿ ಇಲ್ಲ. ಭೂಮಿ ಬಿಸಿಯಾಗುತ್ತಿರುವುದು ನಿಜವೇ, ಆದರೆ ಅದಕ್ಕೆ ಇವರು ಕೊಡುವ ಸಾಕ್ಷಿ ನೋಡಿದರೆ ಮಂಕಿ ಕ್ಯಾಪಿನವರೇ ವಾಸಿ ಅನ್ನಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮಳೆಯೇ ಬರಲಿಲ್ಲ. ಊರು ಮರುಭೂಮಿ ಆಯ್ತು ಅಂತ ವಾಟ್ಸ್ಯಾಪ್‌ನಲ್ಲಿ ಒಂದೇ ಸಮನೆ ಗೋಳು. ಜೂನ್ 2ಕ್ಕೆ ಒಂದೇ ದಿನ 111 ಮಿಲಿಮೀಟರ್ ಸುರಿಯಿತು. ಮರುದಿನ ಮರುಭೂಮಿಯವರೇ, ಬೆಂಗಳೂರು ಮುಳುಗುತ್ತೆ ನೋಡ್ತಿರಿ ಅಂದರು. ನಡುವೆ ಒಂದು ದಿನವಾದರೂ ಸುಮ್ನಿದ್ದರಾ? ಇಲ್ಲ, ಅವತ್ತು ಮಾವಿನಹಣ್ಣಿನ ರೇಟಿನ ಬಗ್ಗೆ ಕಳಿಸಿದ್ದರು.