ಬೀಳೋದನ್ನ ನೋಡೋಕಷ್ಟೇ ಅಲ್ಲ

'ಸ್ಪರ್ಧಿಗಳು ನೀರಿಗೆ ಬೀಳೋ ಮಜಾಕ್ಕೇ ಜನ ಈ ಅಡೆತಡೆ ಓಟದ ಶೋಗಳನ್ನು ನೋಡ್ತಾರೆ' ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. 'ವೈಪ್‌ಔಟ್' ಥರದವಕ್ಕೆ ಸರಿ, ಅಲ್ಲಿ ಬೀಳಿಸೋದೇ ಉದ್ದೇಶ. ಆದರೆ ಜಪಾನಿನ 'ಸಾಸುಕೆ' ವಿಷಯದಲ್ಲಿ ಒಪ್ಪಲ್ಲ. 1997ರಲ್ಲಿ ಶುರುವಾದ ಆ ಶೋನಲ್ಲಿ ಮೊದಲ ಸಲ ಕೊನೆ ಮುಟ್ಟಿದ್ದು ಕಝುಹಿಕೊ ಅಕಿಯಾಮಾ, ಅದೂ 1999ರಲ್ಲಿ. ಇವತ್ತಿಗೂ ಬಹುತೇಕ ಸಲ ಯಾರೂ ಗೆಲ್ಲದೇ ಮುಗಿಯುತ್ತೆ, ಆದರೂ ಜನ ನೋಡೋದು ಬಿಟ್ಟಿಲ್ಲ. ಯಾಕಂದ್ರೆ ಅಲ್ಲಿ ತೀರ್ಪುಗಾರರ ಅಂಕ ಇಲ್ಲ, ವೀಕ್ಷಕರ ವೋಟು ಇಲ್ಲ. ಕಾಲು ನೀರಿಗೆ ತಾಗಿತೋ, ಆಟ ಮುಗೀತು. ಅಲ್ಲಿನ ಅಡೆತಡೆಗಳಲ್ಲೊಂದಾದ ಬಾಗಿದ ಗೋಡೆಯನ್ನೇ ತಗೊಳ್ಳಿ: ಓಡಿ ಬಂದು ನಾಲ್ಕು ಹೆಜ್ಜೆ ಏರಿ, ಬೆರಳ ತುದಿ ಅಂಚಿಗೆ ಸಿಕ್ಕಿ ಇನ್ನೇನು ಜಾರುತ್ತೆ ಅನ್ನುವಾಗ ಕೂತು ನೋಡೋರ ಮುಷ್ಟಿಯೂ ಬಿಗಿಯಾಗುತ್ತೆ. ಅದು ನಗು ಅಲ್ಲ ಸ್ವಾಮಿ.

ಸಾಸುಕೆಯ ಅಮೆರಿಕನ್ ರೂಪವಾದ 'ಅಮೆರಿಕನ್ ನಿಂಜಾ ವಾರಿಯರ್'ನ 2015ರ ಫೈನಲ್ ನೆನಪಿದೆಯಾ? ಜೆಫ್ ಬ್ರಿಟನ್ ಕೊನೆಯ ಹಗ್ಗವನ್ನೂ ಏರಿ ಕೋರ್ಸ್ ಮುಗಿಸಿದರು. ಅವರ ಹಿಂದೆ ಬಂದ ಐಸಾಕ್ ಕಾಲ್ಡಿಯೆರೊ ಕೆಲವೇ ಸೆಕೆಂಡು ಬೇಗ ಏರಿ 10 ಲಕ್ಷ ಡಾಲರ್ ಪೂರ್ತಿ ಒಯ್ದರು! ಈ ಶೋಗಳಲ್ಲಿ ಬೇಸರ ತರಿಸೋದು ಓಟಕ್ಕೆ ಮುಂಚೆ ತುರುಕೋ ಸ್ಪರ್ಧಿಗಳ ಕಣ್ಣೀರಿನ ಕಥೆಗಳು (ಹಿನ್ನೆಲೆಯಲ್ಲಿ ಪಿಯಾನೊ ಬೇರೆ). ಅದರ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲವಲ್ಲ?