ಮೀಟರ್ ಮೇಲೆ ಗಾಳಿ

ಬೆಂಗಳೂರಲ್ಲಿ ಹಾಯಿದೋಣಿಯಾ ಅಂತ ಹುಬ್ಬೇರಿಸುವವರಿಗೆ ಮೊದಲೇ ಹೇಳಿಬಿಡೋಣ: ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಹಾಯಿ ಬಿಚ್ಚುವುದು ಹೊಸ ಸುದ್ದಿಯೇನಲ್ಲ. ನೀರಿದೆ, ದೋಣಿಯಿದೆ. ಗಾಳಿ ಮಾತ್ರ ಮೊಬೈಲಿನಲ್ಲಿದೆ.

ಗಾಳಿ ಮುನ್ಸೂಚನೆಯ ಆ್ಯಪ್ ಹತ್ತು ನಾಟ್ (ಗಂಟೆಗೆ ಸುಮಾರು 18.5 ಕಿಲೋಮೀಟರ್) ಅಂತ ತೋರಿಸಿದ ಭಾನುವಾರವೇ ಹಾಯಿ ಒಗೆದು ಹರವಿದ ಪಂಚೆಯ ಹಾಗೆ ಜೋತು ಬೀಳುತ್ತದೆ. ಆಮೇಲೆ ಆ್ಯಪ್‌ಗೆ ಶಾಪ. ಶಾಪ ಹಾಕುವ ಮುಂಚೆ ಅದು ಹೇಳಿದ್ದಾದರೂ ಏನು ಅಂತ ನೋಡಬೇಡವೇ?

ಪುಕ್ಕಟೆ ಸಿಗುವ ಗಾಳಿ ಮುನ್ಸೂಚನೆಯಲ್ಲಿ ಬಹಳಷ್ಟು ಅಮೆರಿಕದ ಜಿಎಫ್‌ಎಸ್ ಮಾಡೆಲ್‌ನದು, ಅಂದರೆ ಹವಾಮಾನದ ಕಂಪ್ಯೂಟರ್ ಲೆಕ್ಕದ್ದು. ಅದರ ಅಂಕಿ ಕಾಲು ಡಿಗ್ರಿ ಚೌಕಕ್ಕೊಂದು. ನಮ್ಮ ಕಡೆ ಆ ಚೌಕದ ಬದಿ ಸುಮಾರು 27 ಕಿಲೋಮೀಟರ್. ಅಂದರೆ ಯಲಹಂಕದಿಂದ ಬೊಮ್ಮನಹಳ್ಳಿವರೆಗೆ ಹೆಚ್ಚುಕಡಿಮೆ ಒಂದೇ ಗಾಳಿ. ಹಲಸೂರು ಕೆರೆಯೋ ಅರ್ಧ ಚದರ ಕಿಲೋಮೀಟರ್. ಮಾಡೆಲ್ ಲೆಕ್ಕದಲ್ಲಿ ಅಲ್ಲಿ ಕೆರೆಯೇ ಇಲ್ಲ, ಬರೀ ನೆಲ. (ಈ ಊರಿನ ಎಷ್ಟೋ ಕೆರೆಗಳ ವಿಷಯದಲ್ಲಿ ಅದಕ್ಕೂ ಬಿಲ್ಡರ್‌ಗಳಿಗೂ ಒಮ್ಮತವಿದೆ.) ಯುರೋಪಿನ ಹವಾಮಾನ ಕೇಂದ್ರ ಇಸಿಎಂಡಬ್ಲ್ಯುಎಫ್‌ನ ಮಾಡೆಲ್‌ದು 9 ಕಿಲೋಮೀಟರಿನ ಬಲೆ. ಸಣ್ಣದು ನಿಜ, ಆದರೂ ದಡದ ಅಪಾರ್ಟ್‌ಮೆಂಟು ಅದಕ್ಕೂ ಕಾಣದು.

ಇನ್ನು ಆ ಹತ್ತು ನಾಟ್ ಇರುವುದು ನೆಲದಿಂದ 10 ಮೀಟರ್ ಮೇಲೆ, ಮೂರನೇ ಮಹಡಿಯ ಎತ್ತರದಲ್ಲಿ. ಮಕ್ಕಳು ಕಲಿಯುವ ಆಪ್ಟಿಮಿಸ್ಟ್ ದೋಣಿಯ ಉದ್ದವೇ 2.3 ಮೀಟರ್, ಅದರ ಹಾಯಿಯ ಹೊಟ್ಟೆ ಇನ್ನೂ ಕೆಳಗೆ. ಅಲ್ಲಿಗೆ ಇಳಿಯುವಷ್ಟರಲ್ಲಿ ಐದರಲ್ಲೊಂದು ಪಾಲು ಖೋತಾ. ಮರ, ಕಟ್ಟಡಗಳ ಹಿಂದೆ ಅವುಗಳ ಎತ್ತರದ ಹತ್ತು ಪಟ್ಟು ದೂರದವರೆಗಾದರೂ ಗಾಳಿ ಕಲಸಿಹೋಗಿರುತ್ತದೆ. ಮೂವತ್ತು ಮೀಟರಿನ ಕಟ್ಟಡವೆಂದರೆ ಮುನ್ನೂರು ಮೀಟರ್ ನೀರು ಹಾಳು.

ಅದೂ ಸರಾಸರಿ ಗಾಳಿಯ ಮಾತು. ಗಸ್ಟ್, ಅಂದರೆ ಒಮ್ಮೆಲೇ ಬೀಸುವ ಗಾಳಿಯ ಹೊಡೆತ, ಅಂತ ಬೇರೆ ಕಾಲಂ ಇರುತ್ತದೆ, ಅದನ್ನು ನೋಡುವವರು ಕಡಿಮೆ. ನಮ್ಮ ಆಟೋದವರ ಭಾಷೆಯಲ್ಲಿ ಹೇಳಿದರೆ ಸರಾಸರಿ ಅನ್ನುವುದು ಮೀಟರ್, ಗಸ್ಟ್ ಅನ್ನುವುದು ಒನ್ ಅಂಡ್ ಹಾಫ್. ವ್ಯತ್ಯಾಸ ಏನೆಂದರೆ ಗಾಳಿಯ ಒತ್ತಡ ವೇಗದ ವರ್ಗದಂತೆ ಏರುತ್ತದೆ: ಹತ್ತು ನಾಟ್ ಹದಿನೈದಾದರೆ ಹಾಯಿಯ ಮೇಲಿನ ಭಾರ ಎರಡೂಕಾಲು ಪಟ್ಟು. ಆಟೋದವರೂ ಇಷ್ಟು ಕೇಳುವುದಿಲ್ಲ.

ಬೆಳಗ್ಗೆ ಎದ್ದು ಹತ್ತು ನಿಮಿಷಕ್ಕೊಮ್ಮೆ ರಿಫ್ರೆಶ್ ಮಾಡುವವರನ್ನು ಕಂಡರೆ ಅಯ್ಯೋ ಅನಿಸುತ್ತದೆ. ಜಿಎಫ್‌ಎಸ್ ಲೆಕ್ಕ ಶುರುವಾಗುವುದು ದಿನಕ್ಕೆ ನಾಲ್ಕೇ ಸಲ. ನಮ್ಮ ಗಡಿಯಾರದಲ್ಲಿ 5:30, 11:30, ಮತ್ತೆ ಸಂಜೆ 5:30, ರಾತ್ರಿ 11:30. ಕೈಗೆ ಸಿಗಲು ಇನ್ನೂ ನಾಲ್ಕೈದು ಗಂಟೆ. ನಡುವೆ ಎಷ್ಟು ಒತ್ತಿದರೂ ಒಲೆ ಹಚ್ಚದೆ ಮುಚ್ಚಳ ತೆಗೆದು ಅನ್ನ ನೋಡಿದ ಹಾಗೆ.

"ಎರಡು ಆ್ಯಪ್ ನೋಡಿದೆ, ಎರಡೂ ಒಂದೇ ಹೇಳಿದವು" ಅನ್ನುವವರೂ ಇದ್ದಾರೆ. ಎರಡರ ಒಳಗೂ ಅದೇ ಜಿಎಫ್‌ಎಸ್ ಇದ್ದರೆ ಅದು ಒಬ್ಬನೇ ಸಾಕ್ಷಿ ಅಂಗಿ ಬದಲಿಸಿ ಬಂದದ್ದು. ಮಾಡೆಲ್ ಹೆಸರು ನೋಡಿ. ಜಿಎಫ್‌ಎಸ್, ಇಸಿಎಂಡಬ್ಲ್ಯುಎಫ್ ಒಂದೇ ಮಾತು ಹೇಳಿದರೆ ತಕ್ಕಮಟ್ಟಿಗೆ ನಂಬಬಹುದು. ಒಂದು ಐದು, ಇನ್ನೊಂದು ಹದಿನೈದು ಅಂದರೆ ಎರಡಕ್ಕೂ ಗೊತ್ತಿಲ್ಲ ಅಂತ ಅರ್ಥ. ಕಿಲೋಮೀಟರೋ ನಾಟೋ ಅನ್ನುವುದನ್ನೂ ನೋಡಿಕೊಳ್ಳಿ. 18 ಅಂತ ಓದಿ ಹೆದರಿ ಮನೆಯಲ್ಲೇ ಉಳಿದವರಿಗೆ ಅದು ಗಂಟೆಗೆ 18 ಕಿಲೋಮೀಟರ್, ಹತ್ತು ನಾಟೂ ಇಲ್ಲ ಅಂತ ಸೋಮವಾರ ತಿಳಿಯುತ್ತದೆ.

ಏಪ್ರಿಲ್, ಮೇ ಸಂಜೆ ಮಾತ್ರ ತಮಾಷೆಯಲ್ಲ. ಗುಡುಗುಮೋಡ ಕೆಲವೇ ಕಿಲೋಮೀಟರ್ ಅಗಲದ್ದು. 27ರ ಬಲೆಯಲ್ಲಿ ಜರಡಿಯಿಂದ ರಾಗಿ ಜಾರಿದಂತೆ ಜಾರುತ್ತದೆ. ಆ್ಯಪಿನಲ್ಲಿ ಆರು ನಾಟ್ ಇರುವಾಗಲೇ ತಣ್ಣನೆ ಗಾಳಿ, ಮಣ್ಣಿನ ವಾಸನೆ, ನೀರಿನ ಮೇಲೆ ಓಡಿಬರುವ ಕಪ್ಪು ಗೆರೆ. ಆಗ ಫೋನ್ ನೋಡಬಾರದು, ಹಾಯಿ ಇಳಿಸಬೇಕು. ನಿಜವಾಗಿ ಮೊದಲ ಗುಡುಗಿಗೇ ದಡ ಸೇರಿರಬೇಕು.

ಆ್ಯಪನ್ನು ಅಳೆಯಲು ಒಂದು ನೂರು ಪುಟದ ನೋಟ್‌ಬುಕ್ ಸಾಕು. ಹಿಂದಿನ ರಾತ್ರಿಯೇ "ನಾಳೆ ನಾಲ್ಕು ಗಂಟೆಗೆ ಇಷ್ಟು" ಅಂತ ಪೆನ್ನಿನಲ್ಲಿ ಬರೆಯಿರಿ; ಪೆನ್ಸಿಲ್ ಆದರೆ ಮನಸ್ಸು ತಿದ್ದುತ್ತದೆ. ಮರುದಿನ ಕೈಯಲ್ಲಿ ಗಾಳಿಮಾಪಕ ಹಿಡಿದು ತಲೆಗಿಂತ ಮೇಲೆತ್ತಿ ಹತ್ತು ನಿಮಿಷದ ಸರಾಸರಿ ಬರೆಯಿರಿ. ಪಕ್ಕದಲ್ಲೇ ದೇವನಹಳ್ಳಿ ವಿಮಾನ ನಿಲ್ದಾಣದ ಮೆಟಾರ್ ಎಂಬ ಹವಾಮಾನ ವರದಿ; ಅರ್ಧ ಗಂಟೆಗೊಮ್ಮೆ ಬರುತ್ತದೆ. ಅದರಲ್ಲಿ 27010ಕೆಟಿ ಅಂತಿದ್ದರೆ 270 ಡಿಗ್ರಿಯಿಂದ, ಅಂದರೆ ಪಡುವಣದಿಂದ, 10 ನಾಟ್. ಅದರ ಸಮಯ ಗ್ರೀನಿಚ್‌ನದು (ಯುಟಿಸಿ), ಐದೂವರೆ ಗಂಟೆ ಕೂಡಿಸಲು ಮರೆಯಬೇಡಿ. ಬಯಲಿನ ವಿಮಾನ ನಿಲ್ದಾಣದಲ್ಲೂ ಹತ್ತು, ಆ್ಯಪಿನಲ್ಲೂ ಹತ್ತು, ಕೆರೆಯಲ್ಲಿ ಮಾತ್ರ ಆರು ಅಂದರೆ ಆ್ಯಪ್ ಸುಳ್ಳು ಹೇಳಿಲ್ಲ. ಉಳಿದ ನಾಲ್ಕನ್ನು ಮರ, ಕಟ್ಟಡಗಳು ತಿಂದಿವೆ. ಎರಡು ವಾರ ಹೀಗೇ ಬಂದರೆ ಆ್ಯಪಿನ ಅಂಕಿಯನ್ನು 0.6ರಿಂದ ಗುಣಿಸಿಕೊಂಡು ಹೊರಡಿ.

ಆ 0.6 ಪಡುವಣ ಗಾಳಿಗೆ ಮಾತ್ರ, ಆಷಾಢದ್ದು. ಅಕ್ಟೋಬರ್ ಕಳೆಯುತ್ತ ಗಾಳಿ ಮೂಡಣಕ್ಕೆ ಮಗ್ಗುಲಾಗುತ್ತದೆ, ಅಡ್ಡ ನಿಲ್ಲುವ ಕಟ್ಟಡಗಳೂ ಬೇರೆಯಾಗುತ್ತವೆ, ಹೊಸ ಪುಟ ತೆರೆಯಬೇಕು. ಹಳೆಯ ಪುಟಗಳನ್ನು ರದ್ದಿಗೆ ಹಾಕಬೇಡಿ, ಜೂನ್‌ಗೆ ಬೇಕಾಗುತ್ತವೆ, ಅಷ್ಟರೊಳಗೆ ದಡದಲ್ಲಿ ಇನ್ನೊಂದು ಅಪಾರ್ಟ್‌ಮೆಂಟ್ ಏಳದಿದ್ದರೆ.