ಟೆನ್ಶನ್ನಿಗೆ ಸಿಗರೇಟೋ, ಸಿಗರೇಟಿನಿಂದ ಟೆನ್ಶನ್ನೋ?

ಸಿಗರೇಟು ಸೇದಿದರೆ ಟೆನ್ಶನ್ ಇಳಿಯುತ್ತದೆ ಅನ್ನುವವರ ಜೊತೆ ನಾನು ವಾದಕ್ಕೆ ಹೋಗುವುದಿಲ್ಲ. ಇಳಿಯುವುದು ನಿಜವೇ. ಆದರೆ ಆ ಟೆನ್ಶನ್ ಬಂದಿದ್ದೆಲ್ಲಿಂದ ಅಂತ ಕೇಳಬೇಕಲ್ವಾ?

ಬೆಂಗಳೂರಿನ ನಮ್ಮ ಆಫೀಸಿನ ಪಕ್ಕದ ಗೂಡಂಗಡಿಯಲ್ಲಿ ದಾರಕ್ಕೆ ಕಟ್ಟಿದ ಲೈಟರ್ ನೇತಾಡುತ್ತಿರುತ್ತದೆ. ಹನ್ನೊಂದು ಗಂಟೆಗೆ ಅದರ ಸುತ್ತ ಗುಂಪು. (ಬಿಡಿ ಸಿಗರೇಟು ಮಾರಬಾರದು ಅಂತ ಕರ್ನಾಟಕದಲ್ಲಿ 2017ರಲ್ಲೇ ಆದೇಶ ಆಗಿದೆ, ಅದಿರಲಿ.) ಮೀಟಿಂಗ್‌ನಲ್ಲಿ ಸಿಡಿಮಿಡಿ ಅಂತಿದ್ದವರು ಎರಡು ದಮ್ ಎಳೆದ ಮೇಲೆ ನಗುನಗುತ್ತಾ ಮಾತಾಡುತ್ತಾರೆ. ಬಾಸ್ ತಲೆ ತಿಂದ, ಅದಕ್ಕೆ ಸೇದಿದೆ ಅಂತ ಅವರ ಲೆಕ್ಕ. ನನ್ನ ಲೆಕ್ಕ ಬೇರೆ. ಹಿಂದಿನ ಸಿಗರೇಟು ಸೇದಿ ಹೊತ್ತಾಗಿತ್ತು, ಅಷ್ಟೇ. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿನಲ್ಲಿ ಅರ್ಧಕ್ಕೆ ಇಳಿದಿರುತ್ತದೆ.

ಹೊಗೆ ಎಳೆದ ಹತ್ತಿಪ್ಪತ್ತು ಸೆಕೆಂಡಿಗೆ ನಿಕೋಟಿನ್ ಮಿದುಳು ಮುಟ್ಟುತ್ತದೆ. ಅಸಿಟೈಲ್‌ಕೋಲಿನ್ ಅನ್ನುವ ನಮ್ಮದೇ ರಾಸಾಯನಿಕ ಕೂರಬೇಕಾದ ಸೀಟಿನಲ್ಲಿ ಹೋಗಿ ಕೂರುತ್ತದೆ. ಡೋಪಮಿನ್ ಹರಿಯುತ್ತದೆ, ಹಾಯೆನಿಸುತ್ತದೆ. ದಿನಾ ಹೀಗಾದರೆ ಮಿದುಳು ಅಂಥ ಸೀಟುಗಳನ್ನೇ ಜಾಸ್ತಿ ಮಾಡಿಕೊಳ್ಳುತ್ತದೆ. ನಿಕೋಟಿನ್ ಇಳಿದಾಗ ಅವು ಖಾಲಿ ಬೀಳುತ್ತವೆ, ಕಿರಿಕಿರಿ ಶುರು. ಅದಕ್ಕೆ ನಾವು ಟೆನ್ಶನ್ ಅಂತ ಹೆಸರಿಟ್ಟು ಇನ್ನೊಂದು ಹಚ್ಚುತ್ತೇವೆ.

ಇದು ಬರೀ ನಿಕೋಟಿನ್ ಕಥೆಯೂ ಅಲ್ಲ. ಕೆಲಸ ಮುಗಿಸಿದ ಡೋಪಮಿನ್ನನ್ನು ಒಡೆದು ಹಾಕಲು ಎಂಎಒ ಅನ್ನುವ ಕಿಣ್ವ ಇದೆ. 1996ರಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಜೋಆನಾ ಫೌಲರ್ ತಂಡ ಸೇದುವವರ ಮಿದುಳನ್ನು ಸ್ಕ್ಯಾನ್ ಮಾಡಿ ನೋಡಿತು. ಆ ಕಿಣ್ವದ ಎರಡು ಬಗೆಗಳಲ್ಲಿ ಬಿ ಅನ್ನುವುದು ಸುಮಾರು ಶೇ. 40ರಷ್ಟು ಕಡಿಮೆ ಇತ್ತು. ಅಂದರೆ ಡೋಪಮಿನ್ ಬೇಗ ಒಡೆಯದೆ ಉಳಿಯುತ್ತದೆ. ಕಾರಣ ಹೊಗೆಯಲ್ಲಿರುವ ಬೇರೆ ವಸ್ತುಗಳು. ಸಿಗರೇಟು ಬಿಡಲು ನಿಕೋಟಿನ್ ಗಮ್ ಜಗಿದವರು "ಆ ಮಜಾ ಇಲ್ಲ ಗುರು" ಅಂತಾರಲ್ಲ, ಗಮ್‌ನ ನಿಕೋಟಿನ್ ನಿಧಾನಕ್ಕೆ ಏರುವುದರ ಜೊತೆ ಇದೂ ಸೇರಿರಬಹುದು.

ಇಷ್ಟೆಲ್ಲಾ ಇರುವಾಗ "ಮನಸ್ಸು ಗಟ್ಟಿ ಮಾಡ್ಕೋ" ಅಂತ ಸುಮ್ನೆ ಉಪದೇಶ ಕೊಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಬಿಟ್ಟ ಮೊದಲ ಮೂರ್ನಾಲ್ಕು ದಿನ ಮನೆಯವರ ಮೇಲೆ ರೇಗಾಡುವುದು ಆ ಮನುಷ್ಯನ ಗುಣ ಅಲ್ಲ. ಹೆಚ್ಚಿದ ಸೀಟುಗಳು ಮಾಮೂಲಿಗೆ ಬರಲು 6ರಿಂದ 12 ವಾರ ಹಿಡಿಯುವುದು ಸ್ಕ್ಯಾನ್‌ಗಳಲ್ಲಿ ಕಂಡಿದೆ. ಅದನ್ನು ದಾಟಿದವರ ಆತಂಕ, ಬೇಸರ ಎರಡೂ ಸೇದುತ್ತಿದ್ದ ಕಾಲಕ್ಕಿಂತ ಕಡಿಮೆಯಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹೇಳಿದ್ದು ಇದನ್ನೇ.

ಈಗ ಬಿಡುತ್ತಿರುವವರು ಕಾಫಿ ಮೇಲೊಂದು ಕಣ್ಣಿಡಿ. ಹೊಗೆ ಸೇದುವವರ ಲಿವರ್ ಕೆಫೀನನ್ನು ಬೇಗ ಖರ್ಚು ಮಾಡಿಬಿಡುತ್ತದೆ. ಬಿಟ್ಟ ಮೇಲೆ ಆ ವೇಗ ಇಳಿಯುತ್ತದೆ, ಅದೇ ನಾಲ್ಕು ಲೋಟ ಕಾಫಿ ಜಾಸ್ತಿ ಏರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತುವುದಿಲ್ಲ. ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯ್ತು ಅಂದುಕೊಳ್ಳಬೇಡಿ, ಎರಡು ಲೋಟ ಕಮ್ಮಿ ಮಾಡಿ ನೋಡಿ. ತಂಬಾಕು ಬಿಡುವವರಿಗೆ 1800-11-2356 ಅನ್ನುವ ಉಚಿತ ಸಹಾಯವಾಣಿಯೂ ಇದೆ, ನಿಮ್ಹಾನ್ಸ್‌ನಲ್ಲೂ ಅದರ ಕೇಂದ್ರವಿದೆ.